ಹುಲ್ಲುಮಾಡಿನ ಚಿತ್ರದ ಹಿಂದೆ: ವಿಕ್ಟೋರಿಯಾ ಕಾಲದ ಇಂಗ್ಲಿಷ್ ಹಳ್ಳಿಯ ಕಸುಬು, ಕೂಲಿ, ಬದುಕು

ಹುಲ್ಲು ಹೊದಿಸಿದ ಮನೆ, ಬಾಗಿಲ ಪಕ್ಕ ಗುಲಾಬಿ ಬಳ್ಳಿ, ಹಿಂದೆ ಚರ್ಚಿನ ಗೋಪುರ, ಕುಲುಮೆಯ ಮುಂದೆ ಲಾಳ ಹೊಡೆಸಿಕೊಳ್ಳುತ್ತ ನಿಂತ ಕುದುರೆ. ಹಳೆಯ ಇಂಗ್ಲಿಷ್ ಹಳ್ಳಿ ಎಂದರೆ ಬಿಸ್ಕತ್ ಡಬ್ಬಗಳೂ ಕ್ಯಾಲೆಂಡರುಗಳೂ ನಮ್ಮ ತಲೆಯಲ್ಲಿ ಕೂರಿಸಿರುವ ಚಿತ್ರ ಇದು. ಇದರಲ್ಲಿ ಕಾಣುವುದೆಲ್ಲ ಇದ್ದದ್ದೇ. ಕಾಣದಿರುವವನು ಮಾತ್ರ ಹಳ್ಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಖ್ಯೆಯಲ್ಲಿದ್ದವನು: ತುಂಡು ಜಮೀನೂ ಇಲ್ಲದೆ, ವಾರದ ಕೂಲಿಗೆ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದ ಆಳು.

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಈ ಅವಧಿಯ ನಡುವೆ, 1851ರಲ್ಲಿ ನಡೆದ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಪಟ್ಟಣವಾಸಿಗಳು ಎಂಬುದು ಮೊದಲ ಬಾರಿಗೆ ತಿಳಿಯಿತು. ಕೈಗಾರಿಕಾ ಕ್ರಾಂತಿಯ ತವರು ಎಂದು ಜಗತ್ತು ಹೊಗಳುತ್ತಿದ್ದ ಹೊತ್ತಿನಲ್ಲೂ ಆ ದೇಶದಲ್ಲಿ ಅತಿ ಹೆಚ್ಚು ಜನರ ಕಸುಬು ಬೇಸಾಯದ ಕೆಲಸವೇ ಆಗಿತ್ತು. ಎರಡನೆಯ ಸ್ಥಾನ ಮನೆಗೆಲಸದವರದು. ಕಮ್ಮಾರ, ಬಡಗಿ, ಗಿರಣಿಯವ, ಬೂಟು ಹೊಲಿಯುವವ ಎಲ್ಲರೂ ಊರಿನಲ್ಲಿದ್ದರು, ಆದರೆ ಬೆರಳೆಣಿಕೆಯಷ್ಟು. ಬೇಕಾದ್ದೆಲ್ಲ ಊರೊಳಗೇ ಸಿಗುತ್ತಿದ್ದ ಸ್ವಾವಲಂಬಿ ಗ್ರಾಮ ಎಂಬ ಮಾತನ್ನು ಇಂಗ್ಲೆಂಡಿನವರೂ ಪ್ರೀತಿಯಿಂದ ಹೇಳಿಕೊಳ್ಳುತ್ತಾರೆ. ಅದು ಅರ್ಧಸತ್ಯ. ಕಮ್ಮಾರನ ಅನ್ನ ಹೊಲದ ಕೆಲಸದಿಂದ ಬರುತ್ತಿತ್ತು. ಹೊಲದ ಕೆಲಸ ಗೋಧಿಯ ಬೆಲೆಯನ್ನು ಹಿಡಿದು ಏರುತ್ತ ಇಳಿಯುತ್ತ ಇತ್ತು. ಆ ಬೆಲೆ ನಿಗದಿಯಾಗುತ್ತಿದ್ದದ್ದು ಊರಿನಿಂದ ಬಹು ದೂರದಲ್ಲಿ.

ನೆಲ ಯಾರದು, ಮನೆ ಯಾರದು

ಊರಿನ ನೆಲದ ಮೇಲೆ ಮೂರು ಪದರ ಜನರಿದ್ದರು. ಮೇಲೆ ಜಮೀನ್ದಾರ. ನೂರಾರು, ಕೆಲವೊಮ್ಮೆ ಸಾವಿರಾರು ಎಕರೆಗೆ ಒಡೆಯ, ಉಳುಮೆಗೆ ಕೈಹಾಕದವನು. ಅವನ ಕೈಕೆಳಗೆ ದೊಡ್ಡ ಗೇಣಿದಾರ. ನೂರು, ಇನ್ನೂರು ಎಕರೆ ಗೇಣಿಗೆ ಹಿಡಿದು, ತನ್ನ ಬಂಡವಾಳ ಹಾಕಿ, ಕುದುರೆ ಕಟ್ಟಿ, ಆಳಿಟ್ಟು ಬೇಸಾಯ ಮಾಡಿಸುವವನು. ಅಲ್ಲಿ ರೈತ ಎಂದು ಕರೆಸಿಕೊಳ್ಳುತ್ತಿದ್ದವನು ಇವನೇ. ಇವನು ಬಡವನಲ್ಲ. ಅನೇಕರ ಮನೆಯಲ್ಲಿ ಪಿಯಾನೊ ಇತ್ತು. ಎಲ್ಲಕ್ಕಿಂತ ಕೆಳಗೆ ಕೂಲಿಯಾಳು. ತನ್ನದೇ ನಾಲ್ಕು ಎಕರೆ ಉತ್ತು ಉಣ್ಣುವ ಸಣ್ಣ ಹಿಡುವಳಿದಾರ ಇಂಗ್ಲೆಂಡಿನ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಅಷ್ಟರಲ್ಲಾಗಲೇ ಅಪರೂಪವಾಗಿಬಿಟ್ಟಿದ್ದ.

ಇದಕ್ಕೆ ಹಿಂದಿನ ಶತಮಾನದ ಒಂದು ದೊಡ್ಡ ಕಾರಣವಿತ್ತು. ಊರಿನ ಗೋಮಾಳ, ಕಾವಲು, ಕುರುಚಲು ಕಾಡು, ಪಟ್ಟಿಪಟ್ಟಿಯಾಗಿ ಹಂಚಿಹೋಗಿದ್ದ ತೆರೆದ ಹೊಲ ಇವನ್ನೆಲ್ಲ ಒಟ್ಟುಗೂಡಿಸಿ, ಬೇಲಿ ಹಾಕಿ, ಒಬ್ಬೊಬ್ಬರ ಖಾಸಗಿ ಆಸ್ತಿಯಾಗಿ ಮಾಡಲು ಪಾರ್ಲಿಮೆಂಟು ಸಾವಿರಗಟ್ಟಲೆ ಕಾಯ್ದೆಗಳನ್ನು ಪಾಸು ಮಾಡಿತು. ಇದರ ಭರಾಟೆ 1760ರಿಂದ 1820ರವರೆಗೆ. ಕಾಗದಪತ್ರ ಇದ್ದವನಿಗೆ ಪಾಲು ಸಿಕ್ಕಿತು. ರೂಢಿಯ ಮೇಲೆ ಒಂದು ಹಸು ಮೇಯಿಸಿಕೊಂಡು, ಸೌದೆ ಆಯ್ದುಕೊಂಡು, ನಾಲ್ಕು ಬಾತು ಸಾಕಿಕೊಂಡಿದ್ದವನಿಗೆ ಏನೂ ಸಿಗಲಿಲ್ಲ. ವಿಕ್ಟೋರಿಯಾ ಪಟ್ಟಕ್ಕೆ ಬರುವ ಹೊತ್ತಿಗೆ ಈ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಹಾಲು, ಸೌದೆ ಎರಡನ್ನೂ ದುಡ್ಡು ಕೊಟ್ಟು ತರಬೇಕಾದ ಮನುಷ್ಯನಿಗೆ ವಾರದ ಕೂಲಿ ಒಂದೇ ಗತಿ.

ಇಷ್ಟು ತಿಳಿದರೂ ಒಂದು ಒಗಟು ಉಳಿಯುತ್ತದೆ. ಎರಡು ಮೈಲಿ ಅಂತರದ ಎರಡು ಊರುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತಿದ್ದವು. ಒಂದರಲ್ಲಿ ನಲವತ್ತು ಅಚ್ಚುಕಟ್ಟಾದ ಮನೆ, ಒಂದು ಚರ್ಚು, ಹೆಂಡದಂಗಡಿ ಇಲ್ಲ, ಗಲಾಟೆ ಇಲ್ಲ. ಪಕ್ಕದ್ದರಲ್ಲಿ ಒಂದರ ಮೇಲೊಂದು ಒತ್ತಿಕೊಂಡ ಸೋರುವ ಗುಡಿಸಲು, ನಾಲ್ಕೈದು ಬಿಯರ್ ಅಂಗಡಿ, ಅಧಿಕೃತ ಚರ್ಚಿನಿಂದ ಬೇರೆಯಾದ ಪಂಥಗಳ ಎರಡು ಮೂರು ಪ್ರಾರ್ಥನಾ ಮಂದಿರ, ಬೀದಿ ತುಂಬ ಕಸುಬಿನವರು. ಇತಿಹಾಸಕಾರರು ಮೊದಲನೆಯದನ್ನು ಮುಚ್ಚಿದ ಊರು, ಎರಡನೆಯದನ್ನು ತೆರೆದ ಊರು ಎನ್ನುತ್ತಾರೆ. ವಿಕ್ಟೋರಿಯಾ ಕಾಲದ ಹಳ್ಳಿಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬೀಗದಕೈ ನನಗೆ ಸಿಕ್ಕಿಲ್ಲ.

ಇದರ ಗುಟ್ಟು ಇರುವುದು ಬಡವರ ಪೋಷಣೆಯ ತೆರಿಗೆಯಲ್ಲಿ. ಆಗ ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ತನ್ನ ಬಡವರ ಖರ್ಚನ್ನು ತಾನೇ ಹೊರಬೇಕಿತ್ತು. ಆ ಹಣ ಊರಿನ ಜಮೀನು, ಮನೆಗಳ ಮೇಲಿನ ತೆರಿಗೆಯಿಂದ ಬರುತ್ತಿತ್ತು. ಇಡೀ ಊರಿಗೆ ಒಬ್ಬನೇ ಒಡೆಯನಾದರೆ ಅವನ ಲೆಕ್ಕ ಸರಳ: ಮನೆ ಕಡಿಮೆ ಇದ್ದಷ್ಟು ಬಡವರು ಕಡಿಮೆ, ಬಡವರು ಕಡಿಮೆ ಇದ್ದಷ್ಟು ತೆರಿಗೆ ಕಡಿಮೆ. ಆದ್ದರಿಂದ ಹೊಸ ಮನೆ ಕಟ್ಟಿಸುತ್ತಿರಲಿಲ್ಲ, ಹಳೆಯದು ಬಿದ್ದರೆ ಎತ್ತಿಸುತ್ತಿರಲಿಲ್ಲ, ಕೆಲವು ಕಡೆ ತಾನೇ ಕೆಡವಿಸುತ್ತಿದ್ದ. ಅವನ ಗೇಣಿದಾರರಿಗೆ ಆಳು ಬೇಕಲ್ಲ? ಅವರು ಪಕ್ಕದ ತೆರೆದ ಊರಿನಿಂದ ದಿನಾ ಬೆಳಿಗ್ಗೆ ಮೂರು ನಾಲ್ಕು ಮೈಲಿ ನಡೆದು ಬಂದು, ಸಂಜೆ ಅಷ್ಟೇ ದೂರ ನಡೆದು ಹೋಗುತ್ತಿದ್ದರು. ದುಡಿಮೆ ಈ ಊರಿಗೆ, ಮುಪ್ಪು ಆ ಊರಿಗೆ.

ತೆರೆದ ಊರಿನಲ್ಲಿ ನೆಲ ಹಲವರ ಕೈಯಲ್ಲಿತ್ತು. ಅಂಗಡಿಯವನೋ ಕಟ್ಟಡದ ಮೇಸ್ತ್ರಿಯೋ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಬಿಡಬಹುದಿತ್ತು. ಹೇಳುವವರು ಕೇಳುವವರು ಇಲ್ಲದ್ದರಿಂದ ಮನೆಗಳು ಕೊಳಕು, ಬಾಡಿಗೆ ದುಬಾರಿ. ಅದೇ ಕಾರಣಕ್ಕೆ ಸ್ವಾತಂತ್ರ್ಯವೂ ಇತ್ತು. ನಾರ್ಫಕ್ ಪ್ರಾಂತ್ಯದ ಕ್ಯಾಸಲ್ ಏಕರ್ ಇಂಥ ಊರಿಗೆ ಕುಖ್ಯಾತ ಉದಾಹರಣೆ. ಅಲ್ಲಿಂದ ಗುತ್ತಿಗೆದಾರರು ಹೆಂಗಸರು ಮಕ್ಕಳ ಗ್ಯಾಂಗು ಕಟ್ಟಿಕೊಂಡು, ಕಳೆ ಕೀಳಲು, ಕಲ್ಲು ಆಯಲು, ಟರ್ನಿಪ್ ಗೆಡ್ಡೆ ಕೀಳಲು ಸುತ್ತಲ ಜಮೀನುಗಳಿಗೆ ಸಾಗಿಸುತ್ತಿದ್ದರು. ಎಂಟು ವರ್ಷದೊಳಗಿನ ಮಕ್ಕಳನ್ನು ಇಂಥ ಗ್ಯಾಂಗಿಗೆ ಸೇರಿಸಬಾರದು ಎಂದು ಕಾನೂನು ಬಂದದ್ದು 1867ರಲ್ಲಿ. ಕಾನೂನು ಬೇಕಾಯಿತು ಎಂದರೆ ಅದಕ್ಕಿಂತ ಸಣ್ಣವರು ಹೋಗುತ್ತಿದ್ದರು ಎಂದೇ ಲೆಕ್ಕ.

ಮುಚ್ಚಿದ ಊರಿನ ಚೆಂದದ ಮಾದರಿ ಬೇಕಿದ್ದರೆ ಬರ್ಕ್‌ಷೈರ್‌ನ ಲಾಕಿಂಜ್ ನೋಡಬಹುದು (ಈಗ ಅದು ಆಕ್ಸ್‌ಫರ್ಡ್‌ಷೈರ್‌ಗೆ ಸೇರಿದೆ). ಲಾರ್ಡ್ ವಾಂಟೇಜ್ ಅಲ್ಲಿ ಗಟ್ಟಿಮುಟ್ಟಾದ ಸುಂದರ ಮನೆಗಳನ್ನು ಕಟ್ಟಿಸಿದ. ಶಾಲೆ, ಅಂಗಡಿ ಎಲ್ಲವೂ ಇದ್ದವು, ಎಲ್ಲವೂ ಎಸ್ಟೇಟಿನ ನೆರಳಿನಲ್ಲಿ. ಇಂಥ ಊರಿನಲ್ಲಿ ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಹಾಗಿರುವಾಗ ಧಣಿಯ ಮಾತಿಗೆ ಎದುರಾಡುವವರು ಯಾರು? ಕ್ಯಾಲೆಂಡರಿನ ಚಿತ್ರಗಳಿಗೆ ಒದಗಿಬಂದದ್ದು ಹೆಚ್ಚಾಗಿ ಇಂಥ ಊರುಗಳೇ ಎಂಬುದು ನನ್ನ ಗುಮಾನಿ. ಬಡವರ ಖರ್ಚನ್ನು ಒಂದೊಂದೇ ಊರಿನ ಬದಲು ಹಲವು ಊರುಗಳ ಒಕ್ಕೂಟದ ಮೇಲೆ ಹಾಕುವ ಕಾಯ್ದೆ 1865ರಲ್ಲಿ ಬಂದಮೇಲೆ ಮನೆ ಕೆಡವಿಸುವ ಲಾಭವೇನೋ ಹೋಯಿತು. ಕೆಡವಿದ ಮನೆ ಮಾತ್ರ ಮತ್ತೆ ಏಳಲಿಲ್ಲ.

ವಾರಕ್ಕೆ ಎಂಟು ಶಿಲಿಂಗು

ಜೇಮ್ಸ್ ಕೇರ್ಡ್ ಎಂಬ ಬೇಸಾಯತಜ್ಞ 1850–51ರಲ್ಲಿ ಇಂಗ್ಲೆಂಡ್ ಸುತ್ತಿ ಕೂಲಿಯ ಲೆಕ್ಕ ಬರೆದ. ಉತ್ತರದ ಜಿಲ್ಲೆಗಳಲ್ಲಿ ವಾರಕ್ಕೆ ಸರಾಸರಿ 11 ಶಿಲಿಂಗ್ 6 ಪೆನ್ನಿ, ದಕ್ಷಿಣದಲ್ಲಿ 8 ಶಿಲಿಂಗ್ 5 ಪೆನ್ನಿ. (12 ಪೆನ್ನಿಗೆ ಒಂದು ಶಿಲಿಂಗು, 20 ಶಿಲಿಂಗಿಗೆ ಒಂದು ಪೌಂಡು.) ಒಂದೇ ದೇಶ, ಒಂದೇ ಕೆಲಸ, ಈ ವ್ಯತ್ಯಾಸ ಏಕೆ? ಉತ್ತರದಲ್ಲಿ ಗಣಿ, ಗಿರಣಿಗಳು ಹತ್ತಿರ. ಕೂಲಿ ಕಡಿಮೆ ಕೊಟ್ಟರೆ ಆಳು ಅತ್ತ ನಡೆದುಬಿಡುತ್ತಾನೆ ಎಂಬ ಭಯ ಬೇಸಾಯದವನಿಗಿತ್ತು. ವಿಲ್ಟ್‌ಷೈರ್, ಡಾರ್ಸೆಟ್ ಕಡೆಯ ಆಳಿಗೆ ಅಂಥ ಪಕ್ಕದ ಬಾಗಿಲೇ ಇರಲಿಲ್ಲ. ಕಾರ್ಖಾನೆಗಳು ಬಡವರನ್ನು ಹಿಂಡಿದವು ಎಂದು ಓದಿ ಬೆಳೆದ ನಮಗೆ ಇದು ವಿಚಿತ್ರ ಎನ್ನಿಸಬಹುದು, ಆದರೆ ಹೊಲದ ಕೂಲಿ ಏರಿದ್ದು ಕಾರ್ಖಾನೆಯ ಹೊಗೆ ಕಾಣುವ ಕಡೆ.

ಎಂಟು ಶಿಲಿಂಗಿನಲ್ಲಿ ಒಂದು ಒಂದೂವರೆ ಮನೆ ಬಾಡಿಗೆಗೆ. ಉಳಿದದ್ದರಲ್ಲಿ ದೊಡ್ಡ ಪಾಲು ಬ್ರೆಡ್ಡಿಗೆ. ಬ್ರೆಡ್ಡು, ಆಲೂಗೆಡ್ಡೆ, ಚೂರು ಬೇಕನ್ ಅಥವಾ ಕೊಬ್ಬು, ನೀರಾದ ಚಹಾ, ಇದೇ ದಿನದೂಟ. 1863ರಲ್ಲಿ ಡಾಕ್ಟರ್ ಎಡ್ವರ್ಡ್ ಸ್ಮಿತ್ ಸರ್ಕಾರಕ್ಕಾಗಿ ಬಡವರ ಊಟದ ಸಮೀಕ್ಷೆ ಮಾಡಿದಾಗ ಎದ್ದುಕಂಡ ವಿಷಯ: ಮನೆಯಲ್ಲಿ ಮಾಂಸವೆಂದು ಏನಿದ್ದರೂ ಅದು ಗಂಡಸಿನ ತಟ್ಟೆಗೆ. ದುಡಿಯುವವನು ಬಿದ್ದರೆ ಎಲ್ಲರೂ ಬಿದ್ದಂತೆ ಎಂದು ಹೆಂಡತಿಯರೇ ಹಾಗೆ ಹಂಚುತ್ತಿದ್ದರು.

ಕೂಲಿಯಿಂದಷ್ಟೇ ಸಂಸಾರ ನಡೆಯುತ್ತಿರಲಿಲ್ಲ. ಮನೆಯ ಹಿಂದೆ ಒಂದು ಹಂದಿ ಇರುತ್ತಿತ್ತು. ಅಡುಗೆಮನೆಯ ತೊಳೆನೀರು, ಆಲೂ ಸಿಪ್ಪೆ, ಮಕ್ಕಳು ದಾರಿಬದಿಯಲ್ಲಿ ಕಿತ್ತು ತಂದ ಸೊಪ್ಪು ತಿಂದು ಬೆಳೆದ ಅದನ್ನು ಚಳಿಗಾಲದ ಹೊಸ್ತಿಲಲ್ಲಿ ಕೊಯ್ದು ಉಪ್ಪು ಹಾಕಿಡುತ್ತಿದ್ದರು. ಸುಗ್ಗಿಯ ತಿಂಗಳು ಕೂಲಿ ಹೆಚ್ಚು, ಆ ಹಣ ವರ್ಷದ ಬೂಟಿನ ಸಾಲಕ್ಕೋ ಬಾಡಿಗೆಯ ಬಾಕಿಗೋ ಹೋಗುತ್ತಿತ್ತು. ಕೊಯ್ಲು ಮುಗಿದ ಹೊಲದಲ್ಲಿ ಹಕ್ಕಲು ಆಯುವ ಕೆಲಸ ಹೆಂಗಸರು ಮಕ್ಕಳದು. ಇದು ಹಕ್ಕಲ್ಲ ಎಂದು ನ್ಯಾಯಾಲಯ 1788ರಲ್ಲೇ ತೀರ್ಪು ಕೊಟ್ಟಿತ್ತು. ಆದರೂ ಊರುಗಳು ಕೇಳಲಿಲ್ಲ. ಎಷ್ಟೋ ಕಡೆ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿದ ಮೇಲೇ ಹೊಲಕ್ಕೆ ಇಳಿಯಬೇಕು, ಸಂಜೆ ಗಂಟೆಗೆ ಹೊರಡಬೇಕು ಎಂಬ ಕಟ್ಟುಪಾಡಿತ್ತು, ಮುಂಚೆ ಹೋದವರು ಎಲ್ಲವನ್ನೂ ಬಳಿದುಕೊಳ್ಳದಿರಲಿ ಎಂದು. ಆಯ್ದ ಗೋಧಿಯನ್ನು ಗಿರಣಿಗೆ ಕೊಟ್ಟರೆ ಚಳಿಗಾಲದ ಹಲವು ವಾರಗಳ ಹಿಟ್ಟು. ಮೊಲ, ಫೆಸೆಂಟ್ ಹಕ್ಕಿ ಹಿಡಿದರೆ ಮಾತ್ರ ಜೈಲು. 1862ರಿಂದಂತೂ ರಸ್ತೆಯಲ್ಲಿ ಹೋಗುವವನ ಜೇಬು, ಚೀಲ ತಡಕುವ ಅಧಿಕಾರ ಪೊಲೀಸರಿಗೆ ಸಿಕ್ಕಿತು.

ಮದುವೆಯಾಗದ ಹುಡುಗ ಹುಡುಗಿಯರ ದಾರಿ ಬೇರೆ. ಅವರು ವರ್ಷದಾಳಾಗಿ ಬೇಸಾಯಗಾರನ ಮನೆಯಲ್ಲೇ ಉಂಡು ಮಲಗುತ್ತಿದ್ದರು. ಉತ್ತರದಲ್ಲಿ ನವೆಂಬರ್ 11ರ ಮಾರ್ಟಿನ್‌ಮಸ್, ನಡುನಾಡಿನಲ್ಲಿ ಸೆಪ್ಟೆಂಬರ್ 29ರ ಮೈಕಲ್‌ಮಸ್ ಸುಮಾರಿಗೆ ಆಳು ಗೊತ್ತುಮಾಡುವ ಜಾತ್ರೆ. ಕುರಿ ಕಾಯುವವ ಟೋಪಿಗೆ ಉಣ್ಣೆಯ ಎಳೆ, ಗಾಡಿ ಹೊಡೆಯುವವ ಚಾವಟಿಯ ದಾರ ಸಿಕ್ಕಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಸಂಬಳ ಕುದುರಿದರೆ ಕೈಗೆ ಒಂದು ಶಿಲಿಂಗು ಸಂಚಕಾರ. ಅಲ್ಲಿಂದ ಒಂದು ವರ್ಷ ಬಿಡುವಂತಿಲ್ಲ. ಪಾದ್ರಿಗಳು ಈ ಜಾತ್ರೆಯನ್ನು ದನದ ಸಂತೆ ಎಂದು ಬೈದರು. ದಕ್ಷಿಣದಲ್ಲಿ ಈ ಪದ್ಧತಿ ಮೊದಲೇ ಸೊರಗಿತ್ತು, ಉತ್ತರದಲ್ಲಿ ಶತಮಾನದ ಕೊನೆಯವರೆಗೂ ನಡೆಯಿತು.

ಚಕ್ರ ಮತ್ತು ಕುಲುಮೆ

ಕಸುಬಿನವರಲ್ಲಿ ನನ್ನ ಮಟ್ಟಿಗೆ ಎಲ್ಲರಿಗಿಂತ ಸೂಕ್ಷ್ಮ ವಿದ್ಯೆ ಗಾಡಿ, ಚಕ್ರ ಮಾಡುವ ಬಡಗಿಯದು. ಮರದ ಚಕ್ರ ಎಂದರೆ ಮೂರು ಮರಗಳ ಒಪ್ಪಂದ. ನಡುವಿನ ಗುಂಬ ಎಲ್ಮ್ ಮರದ್ದು. ಅದರ ನಾರು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುತ್ತಲೂ ತೂತು ಕೊರೆದರೂ ಸೀಳುವುದಿಲ್ಲ. ಅರಗಳು ಓಕ್ ಮರದ್ದು, ಕೊಡಲಿಯಿಂದ ಸೀಳಿದ್ದು, ಗರಗಸದಿಂದ ಕೊಯ್ದದ್ದಲ್ಲ, ಏಕೆಂದರೆ ಸೀಳಿದಾಗ ನಾರಿನ ಎಳೆ ತುದಿಯಿಂದ ತುದಿಗೆ ತುಂಡಾಗದೆ ಉಳಿಯುತ್ತದೆ, ಭಾರ ಹೊರುತ್ತದೆ. ಹೊರಗಿನ ವೃತ್ತವಾಗಿ ಜೋಡಿಸುವ ಬಾಗಿದ ತುಂಡುಗಳು ಆಶ್ ಮರದ್ದು. ಅದು ಪೆಟ್ಟು ತಿಂದರೆ ಬಳುಕುತ್ತದೆ, ಮುರಿಯುವುದಿಲ್ಲ. ಮರ ಒಣಗಲು ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಅವರ ಲೆಕ್ಕ. ಹೀಗಾಗಿ ಅಪ್ಪ ಕಡಿಸಿ ಇಟ್ಟ ಮರವನ್ನು ಮಗ ಬಳಸುವುದು ಸಾಮಾನ್ಯವಾಗಿತ್ತು. ದಿಮ್ಮಿಯನ್ನು ಹಲಗೆ ಮಾಡಲು ನೆಲದಲ್ಲಿ ತೋಡಿದ ಗುಂಡಿಯ ಮೇಲೆ ಅದನ್ನು ಮಲಗಿಸಿ ಇಬ್ಬರು ಗರಗಸ ಎಳೆಯುತ್ತಿದ್ದರು. ಮೇಲಿನವನು ಗೆರೆ ನೋಡಿಕೊಳ್ಳುವ ಜಾಣ, ಗುಂಡಿಯಲ್ಲಿದ್ದವನ ಕಣ್ಣು ಮೂಗಿಗೆ ದಿನವಿಡೀ ಮರದ ಹೊಟ್ಟು.

ಚಕ್ರವನ್ನು ಚಪ್ಪಟೆಯಾಗಿ ಮಾಡುತ್ತಿರಲಿಲ್ಲ. ತಟ್ಟೆಯ ಹಾಗೆ ಒಳಕ್ಕೆ ತುಸು ತಗ್ಗಾಗಿ ಅರಗಳನ್ನು ಓರೆಯಾಗಿ ನೆಡುತ್ತಿದ್ದರು. ಕುದುರೆ ಹೆಜ್ಜೆ ಹಾಕುವಾಗ ಗಾಡಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಒಳಗಿನ ಭಾರ ಪ್ರತಿ ಹೆಜ್ಜೆಗೂ ಚಕ್ರವನ್ನು ಹೊರಕ್ಕೆ ನೂಕುತ್ತದೆ. ಚಪ್ಪಟೆ ಚಕ್ರ ಆ ಪೆಟ್ಟಿಗೆ ಬೇಗ ಸಡಿಲವಾಗುತ್ತದೆ, ತಗ್ಗಿರುವ ಚಕ್ರ ತಡೆದುಕೊಳ್ಳುತ್ತದೆ. ಇದನ್ನು ಯಾರೂ ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಊರ ರಸ್ತೆಯ ಜಾಡು ಎಷ್ಟು ಅಗಲ, ಮಣ್ಣು ಜೇಡಿಯೋ ಸುಣ್ಣಕಲ್ಲೋ, ಏರು ಎಷ್ಟು ಎಂಬುದರ ಮೇಲೆ ಗಾಡಿಯ ಆಕಾರವೇ ಬದಲಾಗುತ್ತಿತ್ತು. ಬಲ್ಲವರು ಗಾಡಿ ನೋಡಿ ಅದು ಯಾವ ಸೀಮೆಯದೆಂದು ಹೇಳುತ್ತಿದ್ದರು.

ಹಳಿ ಹಾಕುವ ದಿನ ಬಡಗಿಯೂ ಕಮ್ಮಾರನೂ ಒಟ್ಟಿಗೆ ಸೇರಬೇಕು. ಚಕ್ರದ ಸುತ್ತಳತೆಗಿಂತ ಸ್ವಲ್ಪವೇ ಚಿಕ್ಕದಾಗಿ ಕಬ್ಬಿಣದ ಹಳಿಯನ್ನು ಬೆಸೆದು, ಬೆಂಕಿಯ ವೃತ್ತದಲ್ಲಿ ಕಾಯಿಸಿದರೆ ಅದು ಹಿಗ್ಗುತ್ತದೆ. ಉದ್ದ ಇಕ್ಕಳಗಳಲ್ಲಿ ಎತ್ತಿ ಚಕ್ರದ ಮೇಲೆ ಕೂರಿಸಿ ಸುತ್ತಿಗೆಯಿಂದ ಹೊಡೆಯಬೇಕು. ಮರ ಹೊತ್ತಿಕೊಳ್ಳುವಷ್ಟರಲ್ಲಿ ನೀರು ಸುರಿಯಬೇಕು. ಕುಗ್ಗುವ ಕಬ್ಬಿಣ ಎಲ್ಲ ಕೀಲುಗಳನ್ನೂ ಹಿಂಡಿ ಬಿಗಿಮಾಡುತ್ತದೆ. ಹಳಿ ಜಾಸ್ತಿ ಚಿಕ್ಕದಾದರೆ ಚಕ್ರ ಸೊಟ್ಟ, ದೊಡ್ಡದಾದರೆ ಸಡಿಲ. ಎರಡಕ್ಕೂ ಎರಡನೆಯ ಅವಕಾಶ ಕಡಿಮೆ.

ಕಮ್ಮಾರನ ಅಡಿಗಲ್ಲಿನ ಮೇಲೆ ಲಾಳವಷ್ಟೇ ಅಲ್ಲ, ನೇಗಿಲ ಕುಳ, ಬಾಗಿಲ ಕೀಲು, ಕೊಡಲಿ, ಮಡಕೆ ತೂಗುಹಾಕುವ ಕೊಕ್ಕೆ ಎಲ್ಲ ತಯಾರಾಗುತ್ತಿದ್ದವು. ಆಯಗಾರಿಕೆಯನ್ನು ಬಲ್ಲ ಕನ್ನಡಿಗರು ಸುಗ್ಗಿಯಲ್ಲಿ ಇವನಿಗೂ ಕಾಳು ಅಳೆದುಕೊಡುತ್ತಿದ್ದರೇನೋ ಎಂದು ಊಹಿಸಬಹುದು. ಹಾಗಿರಲಿಲ್ಲ. ಪ್ರತಿ ಕೆಲಸಕ್ಕೂ ಇಷ್ಟೆಂದು ಖಾತೆಪುಸ್ತಕದಲ್ಲಿ ಬರೆದು, ವರ್ಷಕ್ಕೊಮ್ಮೆ ಹಣದಲ್ಲಿ ಲೆಕ್ಕ ತೀರಿಸುವ ಪದ್ಧತಿ. ಬೇಸಾಯಗಾರ ವರ್ಷವಿಡೀ ತಡಮಾಡಿದರೂ ಕೇಳುವಂತಿಲ್ಲ, ಏಕೆಂದರೆ ಊರಲ್ಲಿ ಗಿರಾಕಿಗಳೇ ನಾಲ್ಕೋ ಐದೋ. ಮರದ, ಕಬ್ಬಿಣದ ವ್ಯಾಪಾರಿಗೆ ಮಾತ್ರ ಬೇಗ ಕೊಡಬೇಕು. ಇದೇ ಕಾರಣಕ್ಕೆ ಒಂದೇ ಕಸುಬಿನಲ್ಲಿ ಬದುಕುವವರು ವಿರಳ. ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿ ಡೈರೆಕ್ಟರಿಗಳನ್ನು ತೆರೆದರೆ ಪುಟಪುಟಕ್ಕೂ ಜೋಡಿ ಕಸುಬು: ಕಮ್ಮಾರ ಮತ್ತು ಬಿಯರ್ ಅಂಗಡಿ, ಬೂಟು ಹೊಲಿಯುವವ ಮತ್ತು ಅಂಚೆಯವ, ಬಡಗಿ ಮತ್ತು ಶವಸಂಸ್ಕಾರದ ವ್ಯವಸ್ಥೆ. ಕೊನೆಯದು ಸಹಜವೇ. ಶವಪೆಟ್ಟಿಗೆಗೆ ಬೇಕಾದ ಎಲ್ಮ್ ಹಲಗೆ ಅವನ ಬಳಿ ಸದಾ ಇರುತ್ತಿತ್ತು. 1830ರ ಕಾಯ್ದೆಯೊಂದು ಎರಡು ಗಿನಿ (ಒಂದು ಗಿನಿಗೆ 21 ಶಿಲಿಂಗು) ಕೊಟ್ಟ ಯಾವ ತೆರಿಗೆದಾರನಿಗೂ ಬಿಯರ್ ಮಾರುವ ಪರವಾನಗಿ ಕೊಟ್ಟಿದ್ದರಿಂದ ಎಷ್ಟೋ ಕಸುಬಿನವರ ಮುಂದಿನ ಕೋಣೆಯೇ ಪಡಖಾನೆಯಾಯಿತು.

ಬೂಟು ಹೊಲಿಯುವವನ ಅಂಗಡಿಗೆ ಇನ್ನೊಂದು ಹೆಸರಿತ್ತು, ರಾಜಕೀಯದ ಅಡ್ಡೆ ಎಂದು. ಕುಳಿತು ಮಾಡುವ, ಸದ್ದಿಲ್ಲದ ಕೆಲಸ. ಒಬ್ಬ ಪತ್ರಿಕೆ ಓದಿದರೆ ಉಳಿದವರು ಕೇಳಿಸಿಕೊಂಡು ಹೊಲಿಯಬಹುದು. ಜಮೀನ್ದಾರನ ಹಂಗೂ ಕಡಿಮೆ.

ಊರನ್ನು ಹೊರಜಗತ್ತಿಗೆ ಕಟ್ಟಿಹಾಕಿದವನು ಬಾಡಿಗೆ ಗಾಡಿಯವನು. ಸಂತೆಯ ದಿನ ಬೆಣ್ಣೆ, ಮೊಟ್ಟೆ, ಮುದುಕಿಯರು, ಹೊಸದಾಗಿ ಮನೆಗೆಲಸಕ್ಕೆ ಹೊರಟ ಹನ್ನೆರಡರ ಹುಡುಗಿ, ಎಲ್ಲರನ್ನೂ ಹೇರಿಕೊಂಡು ನಡಿಗೆಯ ವೇಗದಲ್ಲಿ ಪಟ್ಟಣಕ್ಕೆ ಹೋಗಿ, ಸಂಜೆ ಔಷಧಿ, ದೀಪದೆಣ್ಣೆ, ಯಾರೋ ಹೇಳಿಕಳಿಸಿದ ರಿಬ್ಬನ್ನು ತರುತ್ತಿದ್ದ. ರೈಲು ಬಂದು ಇವನನ್ನು ಮುಗಿಸಿತು ಎಂದುಕೊಂಡರೆ ತಪ್ಪು. ಸ್ಟೇಷನ್ನಿನಿಂದ ಊರಿಗೆ ಸರಕು ಬರಬೇಕಲ್ಲ, ಇವನ ಕೆಲಸ ಹೆಚ್ಚಾಯಿತು.

ಹೆಂಗಸರ ಕೈಕೆಲಸ

ಜನಗಣತಿಯ ಹಾಳೆಯಲ್ಲಿ ಕೂಲಿಯವನ ಹೆಂಡತಿಯ ಮುಂದೆ ಕಸುಬಿನ ಕಾಲಂ ಎಷ್ಟೋ ಸಲ ಖಾಲಿ. ಕಳೆ, ಕೊಯ್ಲು, ಹಕ್ಕಲು, ಬಟ್ಟೆ ಒಗೆಯುವುದು ಯಾವುದೂ ಗಣತಿದಾರನ ಕಣ್ಣಿಗೆ ಕಸುಬಾಗಿ ಬೀಳಲಿಲ್ಲ. ಕೆಲವು ಸೀಮೆಗಳಲ್ಲಿ ಮಾತ್ರ ಹೆಂಗಸರ ಗಳಿಕೆ ಎದ್ದುಕಾಣುವಷ್ಟಿತ್ತು.

ಬೆಡ್‌ಫರ್ಡ್‌ಷೈರ್, ಹರ್ಟ್‌ಫರ್ಡ್‌ಷೈರ್, ಬಕಿಂಗ್‌ಹ್ಯಾಮ್‌ಷೈರ್‌ಗಳಲ್ಲಿ ಗೋಧಿ ಹುಲ್ಲನ್ನು ಜಡೆಯಾಗಿ ಹೆಣೆಯುವುದು ಮನೆಮನೆಯ ಕೆಲಸ. ಈ ಜಡೆಯನ್ನು ಸುರುಳಿಯಾಗಿ ಹೊಲಿದರೆ ಟೋಪಿ. ಲೂಟನ್, ಡನ್‌ಸ್ಟಬಲ್ ಪಟ್ಟಣಗಳ ಟೋಪಿ ವ್ಯಾಪಾರ ಇದರ ಮೇಲೆ ನಿಂತಿತ್ತು. ಹುಲ್ಲಿನ ಕಡ್ಡಿಯನ್ನು ಸಣ್ಣ ಸಲಕರಣೆಯಿಂದ ಎಳೆಎಳೆಯಾಗಿ ಸೀಳಿ, ಮೆತ್ತಗಾಗಲೆಂದು ಎಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು, ಒಂದೊಂದನ್ನೇ ತೆಗೆದು ಹೆಣೆಯುತ್ತಿದ್ದರು. ತುಟಿಯ ಮೂಲೆ ಹುಣ್ಣಾಗುತ್ತಿತ್ತು. ನಡೆಯುತ್ತ, ಹರಟುತ್ತ, ಬಾಗಿಲಲ್ಲಿ ನಿಂತು ಮಾಡಬಹುದಾದ ಕೆಲಸ. ಇಪ್ಪತ್ತು ಗಜಕ್ಕೆ ಒಂದು ಕಟ್ಟು. ಅಳತೆಗೆ ಒಲೆಯ ಮೇಲಿನ ಹಲಗೆಯಲ್ಲಿ ಕೊರೆದ ಗುರುತುಗಳು. ಬೇಡಿಕೆ ಚೆನ್ನಾಗಿದ್ದ ದಿನಗಳಲ್ಲಿ ಜಾಣ ಹೆಂಗಸೊಬ್ಬಳು ಹೊಲದಲ್ಲಿ ದುಡಿಯುವ ಗಂಡನಿಗಿಂತ ಹೆಚ್ಚು ಗಳಿಸುತ್ತಿದ್ದಳು. ಮನೆಕೆಲಸಕ್ಕೆ ಹುಡುಗಿಯರೇ ಸಿಗುವುದಿಲ್ಲ, ಹೆಂಗಸರು ಸೊಕ್ಕಿನವರಾಗಿದ್ದಾರೆ ಎಂದು ಅನುಕೂಲಸ್ಥರು ಗೊಣಗಿದ್ದು ಇದೇ ಸೀಮೆಯಲ್ಲಿ.

ಇದರ ಕರಾಳ ಮುಖ ಹೆಣಿಗೆ ಶಾಲೆಗಳು. ಹೆಸರಿಗೆ ಶಾಲೆ. ಇಕ್ಕಟ್ಟಾದ ಕೋಣೆಯಲ್ಲಿ ಮೂರು ನಾಲ್ಕು ವರ್ಷದ ಮಕ್ಕಳನ್ನೂ ಕೂರಿಸಿ, ದಿನಕ್ಕೆ ಇಷ್ಟು ಗಜ ಎಂದು ಹೆಣೆಸುತ್ತಿದ್ದ ಜಾಗ. ಮುದುಕಿಯೊಬ್ಬಳು ಕೋಲು ಹಿಡಿದು ಕೂತಿರುತ್ತಿದ್ದಳು. ಅಕ್ಷರ ಕಲಿಸಿದರೆ ಅದು ಪುಣ್ಯ. ಎಂಟರೊಳಗಿನವರನ್ನು ಇಂಥ ಕೈಕೆಲಸಕ್ಕೆ ಹಚ್ಚಬಾರದೆಂಬ ಕಾಯ್ದೆಯೂ 1867ರದ್ದೇ. ಅದನ್ನು ಜಾರಿಗೆ ತರುವವರು ಕಡಿಮೆ.

ಬಕಿಂಗ್‌ಹ್ಯಾಮ್‌ಷೈರ್, ಡೆವನ್ ಕಡೆ ದಿಂಬಿನ ಮೇಲೆ ಬಾಬಿನ್‌ಗಳನ್ನು ಆಡಿಸಿ ಲೇಸ್ ನೇಯುತ್ತಿದ್ದರು. ರಾತ್ರಿ ಒಂದೇ ಮೇಣದಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳನ್ನಿಟ್ಟು, ಅದರ ಮೂಲಕ ಬೆಳಕು ಒಟ್ಟಾಗಿ ಬೀಳುವಂತೆ ಮಾಡಿ ಹಲವರು ಹಂಚಿಕೊಳ್ಳುತ್ತಿದ್ದರು. ನಾಟಿಂಗ್‌ಹ್ಯಾಮ್‌ನ ಯಂತ್ರಗಳು ಈ ಕೆಲಸದ ಬೆಲೆಯನ್ನು ಕುಗ್ಗಿಸುತ್ತಲೇ ಹೋದವು. ಡಾರ್ಸೆಟ್‌ನಲ್ಲಿ ದಾರ ಸುತ್ತಿ ಅಂಗಿಯ ಗುಂಡಿ ಮಾಡುತ್ತಿದ್ದ ಹೆಂಗಸರ ಕಸುಬು 1850ರ ದಶಕದಲ್ಲಿ ಯಂತ್ರದ ಗುಂಡಿ ಬಂದ ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ಎಷ್ಟೋ ಕುಟುಂಬಗಳು ಹಡಗು ಹತ್ತಿದವು. ಹುಲ್ಲಿನ ಹೆಣಿಗೆಯನ್ನು ಕೊಂದದ್ದು ಯಂತ್ರವಲ್ಲ, ಬೇರೆಯ ಬಡವರ ಕೈಗಳು. 1870ರ ದಶಕದಿಂದ ಚೀನಾದ, ಆಮೇಲೆ ಜಪಾನಿನ ಅಗ್ಗದ ಜಡೆ ಬಂದಿಳಿಯಿತು. 1871ರಲ್ಲಿ ಬೆಡ್‌ಫರ್ಡ್‌ಷೈರ್ ಒಂದರಲ್ಲೇ 20,000ಕ್ಕೂ ಹೆಚ್ಚು ಹೆಣೆಯುವವರಿದ್ದರು. 1901ರ ಗಣತಿಯಲ್ಲಿ ಉಳಿದವರು ಐನೂರಕ್ಕಿಂತ ಕಡಿಮೆ.

ಒಂದು ವಿಷಯ ಗಮನಿಸಬೇಕು. ಹಳ್ಳಿಯಲ್ಲಿ ನಡೆದರೂ ಇವು ಹಳ್ಳಿಗಾಗಿ ನಡೆದ ಕಸುಬುಗಳಲ್ಲ. ಚಿಲ್ಟರ್ನ್ ಗುಡ್ಡದ ಬೀಚ್ ಕಾಡಿನಲ್ಲಿ ಕುಳಿತು, ಕಾಲಿನಿಂದ ತುಳಿಯುವ ಕಡೆಯಂತ್ರದಲ್ಲಿ ಕುರ್ಚಿಯ ಕಾಲು ಕಡೆಯುತ್ತಿದ್ದವನ ಮಾಲೂ ಹೈ ವೈಕೂಮ್ ಪಟ್ಟಣದ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಅಲ್ಲಿ 1870ರ ದಶಕದಲ್ಲಿ ದಿನಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಕುರ್ಚಿ ತಯಾರಾಗುತ್ತಿದ್ದವು.

ವರ್ಕ್‌ಹೌಸಿನ ಭಯ, ಚೆಸ್ಟ್‌ನಟ್ ಮರದ ಸಭೆ

ಮುಪ್ಪು, ಕಾಯಿಲೆ, ಗಂಡನ ಸಾವು ಬಂದರೆ ಬದುಕು ಎಲ್ಲಿಗೆ? 1834ರ ಬಡವರ ಕಾಯ್ದೆ ಊರುಗಳನ್ನು ಒಕ್ಕೂಟಗಳಾಗಿ ಕೂಡಿಸಿ, ಒಂದೊಂದಕ್ಕೆ ಒಂದು ವರ್ಕ್‌ಹೌಸ್, ಅಂದರೆ ಗತಿಯಿಲ್ಲದವರನ್ನು ಒಳಗಿಟ್ಟು ದುಡಿಸುವ ಬಡವರ ಮನೆ, ಕಟ್ಟಿಸಿತು. ಒಳಗೆ ಹೋದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಹೊರಗಿನ ಅತಿ ಬಡವನ ಬದುಕಿಗಿಂತ ಇದು ಕಷ್ಟವಾಗಿರಬೇಕು, ಆಗ ಯಾರೂ ಸುಮ್ಮನೆ ಬರುವುದಿಲ್ಲ ಎಂಬುದೇ ಅದರ ತತ್ವ. ಹಳ್ಳಿಯ ಮುದುಕರಲ್ಲಿ ಹೆಚ್ಚಿನವರು ಮನೆಯಲ್ಲೇ ವಾರಕ್ಕೆ ಒಂದೆರಡು ಶಿಲ್ಲಿಂಗಿನ ನೆರವು, ಕೊಂಚ ಬ್ರೆಡ್ಡು ಪಡೆದು ದಿನ ತಳ್ಳಿದರು ಎಂಬುದೂ ನಿಜ. ಆದರೆ ಆ ಕಟ್ಟಡದ ಭಯ ಎಲ್ಲರ ಬೆನ್ನಿಗಿತ್ತು.

ಎದುರು ನಿಂತವರಿಗೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. 1834ರಲ್ಲಿ ಡಾರ್ಸೆಟ್‌ನ ಟಾಲ್ಪಡಲ್ ಊರಿನ ಆರು ಕೂಲಿಯಾಳುಗಳು ಕೂಲಿ ಇಳಿಸಿದ್ದರ ವಿರುದ್ಧ ಸಂಘ ಕಟ್ಟಿ ಪ್ರಮಾಣ ತೆಗೆದುಕೊಂಡರೆಂದು ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡಿಪಾರಾಗಿದ್ದರು. ದೇಶವೇ ಕೂಗೆಬ್ಬಿಸಿದ ಮೇಲೆ ಎರಡು ವರ್ಷಕ್ಕೆ ಕ್ಷಮೆ ಸಿಕ್ಕಿತು. ಆಮೇಲೆ ಸುಮಾರು ನಾಲ್ಕು ದಶಕ ಹಳ್ಳಿಯಲ್ಲಿ ದೊಡ್ಡ ಸಂಘ ತಲೆಯೆತ್ತಲಿಲ್ಲ.

1872ರ ಫೆಬ್ರವರಿ 7ರ ರಾತ್ರಿ ವಾರಿಕ್‌ಷೈರ್‌ನ ವೆಲ್ಸ್‌ಬರ್ನ್‌ನಲ್ಲಿ ಚೆಸ್ಟ್‌ನಟ್ ಮರದಡಿ, ಲಾಟೀನುಗಳ ಬೆಳಕಿನಲ್ಲಿ, ಸುತ್ತಲ ಊರುಗಳ ಆಳುಗಳು ಗುಂಪುಗೂಡಿದರು. ಮಾತಾಡಲು ಬಂದವರು ಪಕ್ಕದ ಬಾರ್ಫರ್ಡ್‌ನ ಜೋಸೆಫ್ ಆರ್ಚ್. ಒಂಬತ್ತನೆಯ ವಯಸ್ಸಿಗೆ ದಿನಕ್ಕೆ ನಾಲ್ಕು ಪೆನ್ನಿಗೆ ಹೊಲದಲ್ಲಿ ಹಕ್ಕಿ ಓಡಿಸುವ ಕೆಲಸದಿಂದ ಶುರುಮಾಡಿ, ಬೇಲಿ ಕತ್ತರಿಸುವುದರಲ್ಲಿ ಪಂದ್ಯ ಗೆದ್ದ ನಿಪುಣರಾಗಿ, ಪ್ರಿಮಿಟಿವ್ ಮೆಥಡಿಸ್ಟ್ ಪಂಥದ ಬೋಧಕರೂ ಆಗಿದ್ದವರು. ಮುಖ್ಯವಾಗಿ, ಅವರು ಇದ್ದದ್ದು ತಮ್ಮ ಸ್ವಂತ ಮನೆಯಲ್ಲಿ. ಒಕ್ಕಲೆಬ್ಬಿಸುವ ಬೆದರಿಕೆ ಅವರ ಮೇಲೆ ನಡೆಯುತ್ತಿರಲಿಲ್ಲ. ಭಾಷಣ ಮಾಡುವ ಅಭ್ಯಾಸ ಕೊಟ್ಟದ್ದು ಪ್ರಾರ್ಥನಾ ಮಂದಿರ, ಮಾಡುವ ಧೈರ್ಯ ಕೊಟ್ಟದ್ದು ಆ ಮನೆ. ಬೇಡಿಕೆ ವಾರಕ್ಕೆ 16 ಶಿಲಿಂಗು. ಆ ವರ್ಷವೇ ರಾಷ್ಟ್ರೀಯ ಸಂಘ ಹುಟ್ಟಿ, ಎರಡು ವರ್ಷದಲ್ಲಿ 86,000ದಷ್ಟು ಸದಸ್ಯರಾದರು. 1874ರಲ್ಲಿ ಪೂರ್ವದ ಬೇಸಾಯಗಾರರು ಸಂಘದವರಿಗೆ ಕೆಲಸವಿಲ್ಲವೆಂದು ಬಾಗಿಲು ಹಾಕಿ ಅದರ ಬೆನ್ನು ಮುರಿದರು. ಹಳ್ಳಿಯಲ್ಲಿ ಸ್ವಂತದ್ದೋ ಬಾಡಿಗೆಯದೋ ಮನೆ ಹಿಡಿದಿದ್ದ ಗಂಡಸರಿಗೆ ಮತ ಸಿಕ್ಕಿದ್ದು 1884ರಲ್ಲಿ. ಮರುವರ್ಷವೇ ಆರ್ಚ್ ಪಾರ್ಲಿಮೆಂಟಿಗೆ ಆರಿಸಿಬಂದರು.

ಶಾಲೆಯೂ ಈ ಹೊತ್ತಿನಲ್ಲೇ ಊರಿಗೆ ಬೇರೂರಿತು. 1870ರ ಕಾಯ್ದೆ ಶಾಲೆ ಕಟ್ಟಿಸಿತು, 1880ರದ್ದು ಹಾಜರಿಯನ್ನು ಕಡ್ಡಾಯ ಮಾಡಿತು, 1891ರಲ್ಲಿ ಶುಲ್ಕ ಹೋಯಿತು. ಹಾಗಿದ್ದರೂ ಮೇಷ್ಟರ ದಿನಚರಿ ಪುಸ್ತಕಗಳಲ್ಲಿ ಮಕ್ಕಳು ಆಲೂ ಕೀಳಲು, ಹಕ್ಕಿ ಓಡಿಸಲು, ಹಂದಿಗೆ ಓಕ್ ಕಾಯಿ ಆಯಲು ಹೋದ ದೂರುಗಳು ಮುಗಿಯುವುದೇ ಇಲ್ಲ.

ಗೋಧಿ ಬೆಲೆ ಬಿದ್ದಾಗ

1870ರ ದಶಕದ ಕೊನೆಗೆ ಇಡೀ ಕಟ್ಟಡ ಅಲುಗಾಡಿತು. ಅಮೆರಿಕದ ಬಯಲುಗಳಿಗೆ ರೈಲು ಬಂತು, ಹಡಗಿನ ಬಾಡಿಗೆ ಇಳಿಯಿತು, ಸೂಯೆಜ್ ಕಾಲುವೆ ತೆರೆದ ಮೇಲೆ ಪಂಜಾಬಿನ ಗೋಧಿಯೂ ಲಿವರ್‌ಪೂಲ್ ತಲುಪಿತು. 1879ರ ಮಳೆ ಇಂಗ್ಲೆಂಡಿನ ಬೆಳೆಯನ್ನು ಕೊಳೆಸಿತು. ಹಿಂದೆಲ್ಲ ಬೆಳೆ ಕೆಟ್ಟ ವರ್ಷ ಬೆಲೆಯಾದರೂ ಏರುತ್ತಿತ್ತು. ಈ ಸಲ ಅದೂ ಏರಲಿಲ್ಲ. 1870ರ ಸುಮಾರಿಗೆ ಒಂದು ಕ್ವಾರ್ಟರ್ ಅಳತೆಗೆ ಐವತ್ತು ಶಿಲಿಂಗಿನ ಆಸುಪಾಸಿದ್ದ ಗೋಧಿ 1894ರಲ್ಲಿ 22 ಶಿಲಿಂಗ್ 10 ಪೆನ್ನಿಗೆ ಇಳಿಯಿತು. ಗೋಧಿ ಹೊಲ ಸುಮಾರು ಅರ್ಧವಾಯಿತು. ಉಳಿದದ್ದು ಹುಲ್ಲುಗಾವಲಾಗಿ, ರೈಲಿನಲ್ಲಿ ಲಂಡನ್ನಿಗೆ ಹಾಲು ಕಳಿಸುವ ವ್ಯವಹಾರ ಬೆಳೆಯಿತು.

ಹುಲ್ಲುಗಾವಲಿಗೆ ಆಳು ಕಡಿಮೆ, ಉಳುಮೆ ಕಡಿಮೆ, ಗಾಡಿ ಕಡಿಮೆ. ಬಂದರುಗಳಲ್ಲಿ ಎದ್ದ ಉಕ್ಕಿನ ರೋಲರ್ ಗಿರಣಿಗಳು ಗಟ್ಟಿ ಅಮೆರಿಕನ್ ಗೋಧಿಯನ್ನು ಬೆಳ್ಳಗೆ ಬೀಸುತ್ತಿದ್ದವು. ಊರ ಗಾಳಿಗಿರಣಿ, ನೀರುಗಿರಣಿಗಳಿಗೆ ದನದ ಮೇವು ಒಡೆಯುವ ಕೆಲಸ ಉಳಿಯಿತು. ರೈಲಿನಲ್ಲಿ ವೇಲ್ಸ್‌ನ ಸ್ಲೇಟು ಕಲ್ಲು ಬಂತು. ಒಕ್ಕಣೆ ಯಂತ್ರದಲ್ಲಿ ನುಗ್ಗಿದ ಹುಲ್ಲು ಮಾಡಿಗೆ ಬಾರದಷ್ಟು ನುರಿದುಹೋಗುತ್ತಿತ್ತು. ಮಾಡು ಹೊದಿಸುವವನಿಗೆ ಎರಡೂ ಕಡೆಯಿಂದ ಏಟು. ನೇಗಿಲು ಕಾರ್ಖಾನೆಯಿಂದ ಬಂದಾಗ ಕಮ್ಮಾರ ಮಾಡುವವನಿಂದ ರಿಪೇರಿಯವನಾದ.

ಇಷ್ಟೆಲ್ಲ ಆದಾಗ ಕೂಲಿಯಾಳು ಎಲ್ಲರಿಗಿಂತ ಹೆಚ್ಚು ನೊಂದಿರಬೇಕು ಎನ್ನಿಸುತ್ತದೆ. ಊರು ಬಿಟ್ಟವರು ಬಿಟ್ಟರು. ರೈಲ್ವೆ, ಪೊಲೀಸ್, ಲಂಡನ್, ಕೆನಡಾ, ನ್ಯೂಜಿಲೆಂಡ್ ಎಂದು ಹರೆಯದವರು ಹೊರಟುಹೋದರು. 1901ಕ್ಕೆ ನಾಲ್ಕರಲ್ಲಿ ಮೂವರು ಪಟ್ಟಣದವರು. ಆದರೆ ಉಳಿದವನಿಗೆ ಕೂಲಿ ಹೆಚ್ಚು ಇಳಿಯಲಿಲ್ಲ, ಆಳಿನ ಅಭಾವವೇ ಅವನ ಬೆಲೆ ಕಾಯಿತು, ಬ್ರೆಡ್ಡು ಅಗ್ಗವಾಯಿತು. 1890ರ ದಶಕದ ಕೂಲಿಯವನ ಮನೆಯಲ್ಲಿ ಅವನಪ್ಪ ಕಾಣದಷ್ಟು ಮಾಂಸ, ಸಕ್ಕರೆ, ಚಹಾ ಇತ್ತು. ಜಮೀನ್ದಾರ, ಗೇಣಿದಾರರಿಗೆ ಮಹಾ ಕುಸಿತವಾಗಿದ್ದ ಕಾಲ ಅವನಿಗೆ ತುಸು ಉಸಿರಾಡುವ ಕಾಲ. ಆ ಕುಸಿತದ ಇತಿಹಾಸವನ್ನು ಬಹುಕಾಲ ಗೇಣಿ ಎಣಿಸುವವರ ಕಡೆಯಿಂದಲೇ ಬರೆದರು.

ಕಸುಬುಗಳ ಪೈಕಿ ಎಲ್ಲರಿಗಿಂತ ಮುಂಚೆ ಅಳಿಯಬೇಕಿದ್ದ ಲಾಳ ಹೊಡೆಯುವವನು ಗಟ್ಟಿಯಾಗಿ ನಿಂತ. ರೈಲು ಹೆಚ್ಚಿದಷ್ಟೂ ಸ್ಟೇಷನ್ನಿನಿಂದಾಚೆ ಸರಕು ಎಳೆಯಲು ಕುದುರೆಗಳು ಹೆಚ್ಚಿದವು. ಅವನಿಗೆ ಕೆಲಸ ಕಡಿಮೆಯಾದದ್ದು ವಿಕ್ಟೋರಿಯಾ ಸತ್ತು ಎಷ್ಟೋ ವರ್ಷಗಳ ನಂತರ, ಟ್ರ್ಯಾಕ್ಟರು ಹೊಲಕ್ಕಿಳಿದಾಗ. ಅಷ್ಟರೊಳಗೆ ಅನೇಕ ಕಮ್ಮಾರರು ಸೈಕಲ್ ರಿಪೇರಿ ಶುರುಮಾಡಿದ್ದರು, ಕೆಲವರ ಕುಲುಮೆಯ ಕೊಟ್ಟಿಗೆ ಮೋಟಾರು ಗ್ಯಾರೇಜಾಗಿ ಬದಲಾಯಿತು.